ಅಳಿವೆಯ ಊರು ಗಂಗೊಳ್ಳಿ: ಬಯಲುಸೀಮೆಯ ನಮಗೆ ಅದು ಕಲಿಸುವ ಪಾಠ

ಕಮಲಾಪುರದ ಸಮೀಪದ ಹಳ್ಳಿಯೊಂದರಲ್ಲಿ ಕಳೆದ ವರ್ಷ ಮಕ್ಕಳಿಗೆ ಧರ್ಮೋಪದೇಶ ಮಾಡುತ್ತಿದ್ದಾಗ, ಆರನೆಯ ತರಗತಿಯ ಬಾಲಕಿಯೊಬ್ಬಳು ಎದ್ದು ನಿಂತು ನಮ್ಮನ್ನು ಒಂದು ಪ್ರಶ್ನೆ ಕೇಳಿದಳು. "ಫಾದರ್, ಕಲಬುರಗಿ ಚರ್ಚಿನಾಗ ಮಂಗಳೂರ ಕಡೆಯವರು ತಮ್ಮೂರ ಚರ್ಚಿಗಿ ನಾಕ್ನೂರು ವರ್ಷ ಆಗ್ಯಾವ ಅಂತಾರ್ರಿ. ನಮ್ಮದು ಎಷ್ಟು ವರ್ಷದ್ದರಿ?" ಆ ಮಗುವಿನ ಮನೆಯಲ್ಲಿ ಮೊದಲು ದೀಕ್ಷಾಸ್ನಾನ ಪಡೆದವರು ಅವಳ ಅಜ್ಜ. ಆ ಹಳ್ಳಿಯಲ್ಲಿ ದೇವಾಲಯದ ಕಟ್ಟಡವಿಲ್ಲ. ಮನೆಯ ಪಡಸಾಲೆಯಲ್ಲಿಯೇ ಬಲಿಪೂಜೆ ನಡೆಯುತ್ತದೆ. ನಾವು ಆಗ ಏನೋ ಒಂದು ಉತ್ತರ ಕೊಟ್ಟೆವು. ಆದರೆ ಆ ಉತ್ತರ ಮಗುವಿಗೂ ಸಮಾಧಾನ ತರಲಿಲ್ಲ, ನಮಗೂ ತರಲಿಲ್ಲ.

ಅದಾದ ಕೆಲವೇ ವಾರಗಳಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ನಮ್ಮ ಮುಂದೆ ಬಂದಿತು. ಅದೇ ಕಡೆಯ ವಿದ್ಯಾವಂತ ಯುವಕನೊಬ್ಬನಿಗೂ ನಗರದಲ್ಲಿ ನೆಲೆಸಿರುವ ಕರಾವಳಿ ಮೂಲದ ಕುಟುಂಬದ ಕನ್ಯೆಗೂ ವಿವಾಹದ ಮಾತು ನಡೆದಿತ್ತು. ಇಬ್ಬರೂ ಒಪ್ಪಿದ್ದರು. ಹುಡುಗನ ನಡತೆ, ಉದ್ಯೋಗ ಯಾವುದರಲ್ಲಿಯೂ ಕೊರತೆ ಇರಲಿಲ್ಲ. ಆದರೆ ಹಿರಿಯರೊಬ್ಬರು ನಮ್ಮ ಮುಂದೆಯೇ, "ಸ್ವಾಮಿಯವರೇ, ವಿಶ್ವಾಸದಲ್ಲಿ ಅವರದು ಎಷ್ಟನೆಯ ತಲೆಮಾರು?" ಎಂದು ಕೇಳಿದರು. ಮಾತು ಅಲ್ಲಿಗೇ ನಿಂತಿತು. ಹುಡುಗನ ತಂದೆ ಒಂದು ಮಾತನ್ನೂ ಆಡದೆ ತಮ್ಮ ಟವೆಲನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೋದುದು ನಮ್ಮ ಕಣ್ಣಿಗೆ ಇಂದಿಗೂ ಕಟ್ಟಿದಂತಿದೆ.

ನಾಲ್ಕುನೂರು ವರ್ಷಗಳ ವಿಶ್ವಾಸ ಎಂದರೇನು? ಅದು ಯಾರ ಸ್ವತ್ತು? ಹಳೆಯದು ಎಂಬುದು ಹೆಮ್ಮೆಯೋ ಋಣವೋ? ಈ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಉತ್ತರ ಹುಡುಕುವುದಕ್ಕಿಂತ, ನಮ್ಮ ನಗರದ ಕುಟುಂಬವೊಂದು ಯಾವ ಊರಿನ ಹೆಸರನ್ನು ಹೇಳಿಕೊಂಡು ಸಂತೋಷಪಡುತ್ತದೆಯೋ ಆ ಊರಿಗೇ ಹೋಗಿ ನೋಡಿ ಬರೋಣವೆಂದು ನಾವು ನಿಶ್ಚಯಿಸಿದೆವು. ಹೀಗೆ ಕಳೆದ ಡಿಸೆಂಬರಿನಲ್ಲಿ, ಅಮಲೋದ್ಭವ ಮಾತೆಯ ಹಬ್ಬದ ದಿನಗಳಲ್ಲಿ, ನಗರದ ನಾಲ್ಕು ಮತ್ತು ಕಮಲಾಪುರ ಕಡೆಯ ನಾಲ್ಕು ಕುಟುಂಬಗಳೊಡನೆ ಉಡುಪಿ ಜಿಲ್ಲೆಯ ಗಂಗೊಳ್ಳಿಗೆ ಹೋಗಿಬಂದೆವು. ಆ ಊರಿನ ಚರಿತ್ರೆ, ಅಲ್ಲಿನ ಸೌಕರ್ಯಗಳು ಮತ್ತು ಅಲ್ಲಿ ನಾವು ಕಂಡ ಒಂದೆರಡು ಸಂಗತಿಗಳನ್ನು ಓದುಗರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಐದು ಹೊಳೆಗಳ ಊರು

ಗಂಗೊಳ್ಳಿ ದೊಡ್ಡ ಊರಲ್ಲ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೂ ದಕ್ಷಿಣಕ್ಕೂ ಹೊಳೆ. ನಡುವೆ ನಾಲಿಗೆಯಂತೆ ಚಾಚಿಕೊಂಡಿರುವ ನೆಲದ ಮೇಲೆ ಈ ಊರು ನಿಂತಿದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಪಶ್ಚಿಮ ಘಟ್ಟಗಳಿಂದ ಇಳಿದು ಬಂದು ಇಲ್ಲಿ ಒಂದಾಗಿ ಕಡಲನ್ನು ಸೇರುತ್ತವೆ. ಈ ಸಂಗಮವನ್ನು ಪಂಚಗಂಗಾವಳಿ ಎಂದು ಕರೆಯುತ್ತಾರೆ. ಹೊಳೆ ಕಡಲನ್ನು ಸೇರುವ ಬಾಯಿಗೆ ಕರಾವಳಿಯ ಜನ ಅಳಿವೆ ಎನ್ನುತ್ತಾರೆ. ಈ ಅಳಿವೆಯೇ ಗಂಗೊಳ್ಳಿಯ ಹೆಬ್ಬಾಗಿಲು. ಹೊಳೆಯ ಆಚೆ ದಡದಲ್ಲಿ ಕುಂದಾಪುರ. ಅಳಿವೆಯ ದಕ್ಷಿಣಕ್ಕೆ ದೀಪಸ್ತಂಭವಿರುವ ಕೋಡಿ.

ನಮ್ಮ ಕಲಬುರಗಿಯಲ್ಲಿ ವರ್ಷಕ್ಕೆ ಏಳೆಂಟುನೂರು ಮಿಲಿಮೀಟರ್ ಮಳೆ ಬಂದರೆ ಒಳ್ಳೆಯ ವರ್ಷವೆನ್ನುತ್ತೇವೆ. ಆ ಕರಾವಳಿಯಲ್ಲಿ ಅದರ ನಾಲ್ಕೈದು ಪಟ್ಟು ಸುರಿಯುತ್ತದೆ. ತೊಗರಿ, ಜೋಳಗಳ ಕಪ್ಪು ನೆಲದಿಂದ ಹೊರಟು ಘಟ್ಟ ಇಳಿದು ತೆಂಗು, ಗದ್ದೆ, ನೀರಿನ ನಾಡನ್ನು ಕಂಡಾಗ ನಮ್ಮ ಜೊತೆಗಿದ್ದ ಮಕ್ಕಳು ಬಸ್ಸಿನ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಆ ಬಾಲಕಿಯೂ ಅವರಲ್ಲಿದ್ದಳು. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಅದನ್ನು ನೋಡಿ ಅವಳು, "ಇಷ್ಟು ನೀರು ಯಾರದರಿ?" ಎಂದಳು. ನೀರಿಗಾಗಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವ ಮಗುವಿಗೆ ಮೊದಲು ಹೊಳೆಯುವ ಪ್ರಶ್ನೆ ಅದೇ ಅಲ್ಲವೆ!

ಅಕ್ಕಿಯ ಬಂದರು, ಕೋಟೆಯ ಊರು

ಗಂಗೊಳ್ಳಿಯ ಚರಿತ್ರೆಯನ್ನು ಬಸರೂರಿನಿಂದ ಬೇರ್ಪಡಿಸಿ ಹೇಳಲಾಗದು. ವಾರಾಹಿ ಹೊಳೆಯ ದಡದಲ್ಲಿ ಒಳನಾಡಿನ ಕಡೆಗಿರುವ ಬಸರೂರು ವಿಜಯನಗರದ ಕಾಲದಲ್ಲಿ ಹೆಸರಾಂತ ವ್ಯಾಪಾರಪಟ್ಟಣವಾಗಿತ್ತು. ಕೆನರಾ ನಾಡಿನ ಅಕ್ಕಿ ಇಲ್ಲಿಂದ ಹಡಗುಗಳಲ್ಲಿ ಗೋವೆಗೂ ಅರೇಬಿಯದ ಮಸ್ಕತ್ತಿಗೂ ಹೋಗುತ್ತಿತ್ತು. ಬಸರೂರಿಗೆ ಹೋಗುವ ಪ್ರತಿಯೊಂದು ಹಡಗೂ ಗಂಗೊಳ್ಳಿಯ ಅಳಿವೆಯನ್ನು ಹಾದೇ ಹೋಗಬೇಕಾಗಿತ್ತು. ಬಾಗಿಲನ್ನು ಹಿಡಿದವನಿಗೆ ಮನೆ ದಕ್ಕುತ್ತದೆ ಎಂಬುದನ್ನು ಅರಿತಿದ್ದ ಪೋರ್ತುಗೀಜರು 1568ರಲ್ಲಿ ಮಂಗಳೂರನ್ನೂ 1569ರಲ್ಲಿ ಹೊನ್ನಾವರ ಮತ್ತು ಬಸರೂರನ್ನೂ ವಶಪಡಿಸಿಕೊಂಡು ಕೋಟೆಗಳನ್ನು ಕಟ್ಟಿದರು. ಕುಂದಾಪುರದ ಜಪಮಾಲೆ ಮಾತೆಯ ದೇವಾಲಯದ ಸ್ಥಾಪನೆ 1570ಕ್ಕೆ ಸೇರಿದ್ದು. ಮುಂದೆ, 1629ರ ಸುಮಾರಿಗೆ, ಗಂಗೊಳ್ಳಿಯಲ್ಲಿಯೂ ಅವರು ಕೋಟೆ ಕಟ್ಟಿದರು. ಪೋರ್ತುಗೀಜರ ದಾಖಲೆಗಳಲ್ಲಿ ಬಸರೂರು 'ಬಾರ್ಸೆಲೋರ್' ಎಂದೂ ಗಂಗೊಳ್ಳಿ 'ಕಾಂಬೋಲಿಂ' ಎಂದೂ ಕಾಣಿಸಿಕೊಳ್ಳುತ್ತವೆ.

ಆದರೆ ಕೋಟೆಗಳು ಬಹುಕಾಲ ಉಳಿಯಲಿಲ್ಲ. ಕೆಳದಿಯ ಶಿವಪ್ಪ ನಾಯಕನು 1652ರಿಂದ 1654ರವರೆಗಿನ ಅವಧಿಯಲ್ಲಿ ಪೋರ್ತುಗೀಜರ ಕರಾವಳಿ ಕೋಟೆಗಳನ್ನು ಒಂದೊಂದಾಗಿ ಕಸಿದುಕೊಂಡನು. 1665ರ ಫೆಬ್ರುವರಿಯಲ್ಲಿ ಛತ್ರಪತಿ ಶಿವಾಜಿಯು ಕಡಲ ದಾರಿಯಿಂದ ಬಂದು ಸಂಪದ್ಭರಿತವಾದ ಬಸರೂರನ್ನು ಸೂರೆಗೊಂಡು ಹಿಂದಿರುಗಿದನು. ಅಕ್ಕಿ ಹೊತ್ತ ಹಡಗುಗಳೂ ದಂಡಿನ ಹಡಗುಗಳೂ ಬಂದದ್ದು ಅದೇ ನೀರಿನ ದಾರಿಯಲ್ಲಿ. ಬಂದರಿನ ಊರಿಗೆ ಇದು ಸಹಜವಾದ ಹಣೆಬರಹ. ತೆರೆದ ಬಾಗಿಲಿನಿಂದ ಬಂಧುವೂ ಬರುತ್ತಾನೆ, ಕಳ್ಳನೂ ಬರುತ್ತಾನೆ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ವಿಶ್ವಾಸವು ಮೊದಲು ಈ ತೀರಕ್ಕೆ ಬಂದದ್ದು ಕೋಟೆಯ ನೆರಳಿನಲ್ಲಿ. ಕೋಟೆ ಬಿದ್ದಾಗ ಅನೇಕ ಕಡೆ ಧರ್ಮಗುರುಗಳೂ ಇಲ್ಲದಾದರು. ಉಳಿದವರು ಬಡ ಜನ. ಮಕ್ಕಳಿಗೆ ದೀಕ್ಷಾಸ್ನಾನ ಕೊಡುವವರಿಲ್ಲ, ಸಾಯುವವರಿಗೆ ಅಂತ್ಯಾಭ್ಯಂಗ ಕೊಡುವವರಿಲ್ಲ. ಸಾಲದೆಂಬಂತೆ, ಕೆನರಾ ನಾಡಿನ ಮೇಲೆ ಧರ್ಮಾಧಿಕಾರ ಗೋವೆಯ ಆರ್ಚ್‌ಬಿಷಪರದೋ ರೋಮಿನಿಂದ ನೇಮಕಗೊಂಡ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಅವರದೋ ಎಂಬ ವಿವಾದವೂ ಹುಟ್ಟಿಕೊಂಡಿತು. ಯಾವ ಗುರುಗಳ ಪೂಜೆಗೆ ಹೋಗಬೇಕೆಂದು ತಿಳಿಯದೆ ಜನ ಕಂಗೆಟ್ಟರು. 'ನಾಲ್ಕುನೂರು ವರ್ಷಗಳ ವಿಶ್ವಾಸ' ಎಂದು ನಾವು ಇಂದು ಹೇಳುವಾಗ, ಅದರೊಳಗೆ ಹೀಗೆ ಗುರುಗಳಿಲ್ಲದ, ದಿಕ್ಕಿಲ್ಲದ ವರ್ಷಗಳೂ ಸೇರಿವೆ ಎಂಬುದನ್ನು ಮರೆಯುತ್ತೇವೆ.

ಬರಿಗಾಲಿನ ಗುರು

ಇಂತಹ ಸಮಯದಲ್ಲಿ, 1681ರಲ್ಲಿ, ಗೋವೆಯಿಂದ ಕೆನರಾ ಧರ್ಮಪ್ರಚಾರದ ಮೇಲ್ವಿಚಾರಕರಾಗಿ ಬಂದವರು ಮೂವತ್ತು ವರ್ಷದ ಯುವ ಗುರು ಜೋಸೆಫ್ ವಾಜ್. ಬೆನಾವಲಿಯಲ್ಲಿ 1651ರ ಏಪ್ರಿಲ್ 21ರಂದು ಹುಟ್ಟಿದ ಅವರು ಈ ಮಣ್ಣಿನವರು, ಕೊಂಕಣಿ ಮಾತನಾಡುವವರು. ಅವರ ಬೆನ್ನಿಗೆ ಕೋಟೆಯೂ ಇರಲಿಲ್ಲ, ದಂಡೂ ಇರಲಿಲ್ಲ. ಆಗ ಕೆಳದಿಯನ್ನು ಆಳುತ್ತಿದ್ದವಳು ರಾಣಿ ಚೆನ್ನಮ್ಮಾಜಿ. ಮೂರು ವರ್ಷಗಳ ಕಾಲ ಅವರು ಈ ಕರಾವಳಿಯಲ್ಲಿ ಬರಿಗಾಲಿನಲ್ಲಿ ನಡೆದರು. ಹೊನ್ನಾವರ, ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರೆಂದು ಅವರ ಜೀವನಚರಿತ್ರೆಕಾರರು ಬರೆದಿದ್ದಾರೆ. ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ಶ್ರೀಸಾಮಾನ್ಯರ ಭಕ್ತಿಸಂಘಗಳನ್ನು ಕಟ್ಟಿ, ಗುರುಗಳಿಲ್ಲದಾಗಲೂ ಪ್ರಾರ್ಥನೆ ನಿಲ್ಲದಂತೆ ಏರ್ಪಡಿಸಿದರು. ಬಿಷಪ್ ಡಿ ಕ್ಯಾಸ್ಟ್ರೊ ಅವರೊಡನೆ ಜಗಳಕ್ಕೆ ಇಳಿಯದೆ, ವಿನಯದಿಂದ ಅವರನ್ನು ಕಂಡು ಸಂಧಾನದ ಮಾರ್ಗವನ್ನು ಹಿಡಿದರು.

ಮುಂದೆ ಅವರು ಸಿಂಹಳಕ್ಕೆ ಹೋಗಿ, ಡಚ್ಚರ ಕಿರುಕುಳದ ನಡುವೆ ಅಲ್ಲಿನ ಧರ್ಮಸಭೆಯನ್ನು ಉಳಿಸಿ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು. 1995ರ ಜನವರಿ 21ರಂದು ಪೋಪ್ ದ್ವಿತೀಯ ಜಾನ್ ಪಾಲರು ಕೊಲಂಬೋದಲ್ಲಿ ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು. ನಮ್ಮ ಕನ್ನಡ ಕರಾವಳಿಯ ಧೂಳನ್ನು ಪಾದಕ್ಕೆ ಅಂಟಿಸಿಕೊಂಡ ಸಂತರೊಬ್ಬರು ಇದ್ದಾರೆಂಬುದು ಕಲಬುರಗಿಯ ನಮ್ಮ ಎಷ್ಟು ಮಕ್ಕಳಿಗೆ ಗೊತ್ತಿದೆ?

ಆದರೆ ಅಲ್ಲಿಗೂ ಕಷ್ಟಗಳು ಮುಗಿಯಲಿಲ್ಲ. ಎರಡನೆಯ ಮೈಸೂರು ಯುದ್ಧದಲ್ಲಿ ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ, 1784ರ ವಿಭೂತಿ ಬುಧವಾರದಂದು, ಟಿಪ್ಪೂ ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಕರಾವಳಿಯ ಹೆಚ್ಚಿನ ದೇವಾಲಯಗಳು ನೆಲಸಮವಾದವು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಹತ್ತಾರು ಸಾವಿರ ಜನ ಎಂಬುದರಲ್ಲಿ ಸಂಶಯವಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಉಳಿದುಕೊಂಡವರು ತಮ್ಮ ಊರುಗಳಿಗೆ ಮರಳಿ, ಬರಿಗೈಯಿಂದ ಮತ್ತೆ ಪ್ರಾರಂಭಿಸಿದರು. ಇದನ್ನು ನಾವು ನೆನೆಯುವುದು ಯಾರ ಮೇಲೂ ಸೇಡಿಗಲ್ಲ. ಗಂಗೊಳ್ಳಿಯಲ್ಲಿ ಇಂದು ಕ್ರೈಸ್ತರು, ಮುಸಲ್ಮಾನರು, ಖಾರ್ವಿಗಳು, ಮೊಗವೀರರು, ಗೌಡ ಸಾರಸ್ವತರು ಒಂದೇ ಬಂದರಿನ ಅನ್ನ ಉಣ್ಣುತ್ತಿದ್ದಾರೆ. ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಸರ್ವಧರ್ಮದವರೂ ನಡೆದುಕೊಳ್ಳುವ ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಲೆಕ್ಕ ಹಾಕಿದರೆ ಗಂಗೊಳ್ಳಿಯ ವಿಶ್ವಾಸಕ್ಕೆ ಒಂದೇ ಆರಂಭವಿಲ್ಲ. ಕನಿಷ್ಠ ಮೂರು ಬಾರಿ ಅದು ಮೊದಲಿನಿಂದ ಪ್ರಾರಂಭವಾಗಿದೆ. ಪ್ರತಿ ಸಾರಿಯೂ ಪ್ರಾರಂಭಿಸಿದವರು ದೊಡ್ಡ ಮನೆತನದವರಲ್ಲ, ಎಲ್ಲವನ್ನೂ ಕಳೆದುಕೊಂಡವರು.

ಊರಿನ ಸೌಕರ್ಯಗಳು

ಇಂದಿನ ಗಂಗೊಳ್ಳಿಗೆ ಬಂದರೆ, ಹೆದ್ದಾರಿಯ ತ್ರಾಸಿಯಿಂದ ಒಳಕ್ಕೆ ತಿರುಗುವ ರಸ್ತೆಯಲ್ಲಿ ಬಸ್ಸುಗಳು ಓಡಾಡುತ್ತವೆ. ಕೊಂಕಣ ರೈಲ್ವೆ 1998ರಲ್ಲಿ ಪೂರ್ಣವಾಗಿ ಆರಂಭವಾದ ಮೇಲೆ ಕುಂದಾಪುರದ ನಿಲ್ದಾಣವೂ ಕೈಗೆಟುಕುವಂತಾಗಿದೆ. ಊರಿನಲ್ಲಿ ಬ್ಯಾಂಕುಗಳಿವೆ, ಪೊಲೀಸ್ ಠಾಣೆ ಇದೆ, ಕನ್ನಡ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಿವೆ. ಸ್ಟೆಲ್ಲಾ ಮಾರಿಸ್ ಎಂದರೆ 'ಕಡಲ ನಕ್ಷತ್ರ' ಎಂಬ ಮಾತೆ ಮರಿಯಳ ಹೆಸರನ್ನು ಹೊತ್ತ ಪ್ರೌಢಶಾಲೆಯೂ ಇದೆ. ಅಮಲೋದ್ಭವ ಮಾತೆಯ ದೇವಾಲಯವನ್ನು ಅಲ್ಲಿಯ ಕೊಂಕಣಿ ಜನ 'ಕೊಸೆಸಾಂವ್ ಮಾತೆಯ ಇಗರ್ಜಿ' ಎನ್ನುತ್ತಾರೆ. 2012ರಲ್ಲಿ ಮಂಗಳೂರಿನಿಂದ ಬೇರೆಯಾದ ಉಡುಪಿ ಧರ್ಮಪ್ರಾಂತಕ್ಕೆ ಈ ದೇವಾಲಯ ಸೇರಿದೆ.

ಊರಿನ ಜೀವನಾಡಿ ಮೀನುಗಾರಿಕೆಯ ಬಂದರು. ಹಿಂದೆ ಇಲ್ಲಿ ಹಾಯಿ ಬಿಚ್ಚಿದ ಮಂಜಿಗಳು ಸರಕು ಹೊತ್ತು ಬರುತ್ತಿದ್ದವು. ದಡದಲ್ಲಿ ನೂರಾರು ಜನ ಕೂಡಿ ರಾಂಪಣಿ ಬಲೆ ಎಳೆಯುತ್ತಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ರಾಂಪಣಿಯ ಕಾಲ ಮುಗಿಯುತ್ತ ಬಂತು. ಈಗ ಟ್ರಾಲ್ ದೋಣಿ, ಪರ್ಸೀನ್ ದೋಣಿ, ಸಣ್ಣ ಯಂತ್ರ ಕಟ್ಟಿದ ನಾಡದೋಣಿ ಎಲ್ಲವೂ ಇವೆ. ಬೆಳಗಿನ ಜಾವ ದೋಣಿಗಳು ಬಂದೊಡನೆ ಬಂಗುಡೆ, ಬೂತಾಯಿಗಳ ಬುಟ್ಟಿಗಳು ಹರಾಜಿಗೆ ಬೀಳುತ್ತವೆ. ಮಂಜುಗಡ್ಡೆ ತುಂಬಿದ ಪೆಟ್ಟಿಗೆಗಳು ಲಾರಿ ಏರುತ್ತವೆ. ಮೀನಿನ ಮರಿಗಳು ಬೆಳೆಯಲೆಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಭೂಮಿಗೆ ವಿಶ್ರಾಂತಿ ಕೊಡಬೇಕೆಂಬ ಸಬ್ಬತ್ ವರ್ಷದ ನಿಯಮವನ್ನು ಓದಿದವರಿಗೆ ಇದು ಕಡಲಿನ ಸಬ್ಬತ್ತಿನಂತೆ ತೋರದಿರದು.

ಕೊರತೆಗಳೂ ಇವೆ. ಗಂಗೊಳ್ಳಿಯಿಂದ ಕುಂದಾಪುರ ನೀರಿನ ಮೇಲೆ ಕಣ್ಣಳತೆಯ ದೂರ. ಆದರೆ ರಸ್ತೆಯಲ್ಲಿ ತ್ರಾಸಿ, ಹೆಮ್ಮಾಡಿಗಳನ್ನು ಸುತ್ತಿಕೊಂಡು ಹದಿನೈದು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಹೆರಿಗೆಯ ನೋವು ಬಂದವರಿಗೆ, ಕಾಲೇಜಿನ ಮಕ್ಕಳಿಗೆ, ಕಚೇರಿಗೆ ಅಲೆಯುವ ಮುದುಕರಿಗೆ ಈ ಸುತ್ತುದಾರಿ ಎಂತಹ ಭಾರವೆಂದು ಊರಿನವರು ನಮಗೆ ವಿವರಿಸಿದರು. ಎರಡೂ ದಡಗಳನ್ನು ಬೆಸೆಯುವ ಸೇತುವೆ ಬೇಕೆಂಬುದು ಅಲ್ಲಿನವರ ಬಹುಕಾಲದ ಬೇಡಿಕೆ. ಅಳಿವೆಯಲ್ಲಿ ಹೂಳು ತುಂಬಿ ದೋಣಿಗಳಿಗೆ ಅಪಾಯವಾಗುವುದೂ ಹಳೆಯ ತೊಂದರೆ. ಕಡಲಿಗೆ ಕಲ್ಲು ತುಂಬಿ ತಡೆಗೋಡೆ ಕಟ್ಟಿದ ಮೇಲೂ ಹೂಳೆತ್ತುವ ಅಗತ್ಯ ಮುಗಿದಿಲ್ಲ. 2023ರ ನವೆಂಬರಿನಲ್ಲಿ, ದೀಪಾವಳಿಯ ದಿನಗಳಲ್ಲಿ, ಇಲ್ಲಿ ನಿಲ್ಲಿಸಿದ್ದ ಹಲವು ದೋಣಿಗಳು ಬೆಂಕಿಗೆ ಆಹುತಿಯಾದವು. ಸಾಲ ಮಾಡಿ ಕಟ್ಟಿಸಿದ ದೋಣಿ ಬೂದಿಯಾಗುವುದೆಂದರೆ ನಮ್ಮ ರೈತನ ರಾಶಿಯ ಕಣಕ್ಕೆ ಬೆಂಕಿ ಬಿದ್ದಂತೆ.

ಊರು ಹುಟ್ಟುವುದು ಬದುಕುವುದಕ್ಕಾಗಿ, ಆದರೆ ಅದು ಉಳಿಯುವುದು ಒಳ್ಳೆಯ ಬದುಕಿಗಾಗಿ ಎಂಬುದು ತತ್ತ್ವಜ್ಞಾನಿ ಅರಿಸ್ಟಾಟಲನ ವಿಚಾರ. ನಮ್ಮ ದೇಶದ ಕಠೋಪನಿಷತ್ತು ಪ್ರೇಯಸ್ಸು, ಶ್ರೇಯಸ್ಸು ಎಂದು ಎರಡನ್ನು ಬಿಡಿಸಿ ತೋರಿಸುತ್ತದೆ. ಸೌಕರ್ಯಗಳು ಪ್ರೇಯಸ್ಸಿಗೆ ಸೇರಿದವು, ಅವು ಬೇಕು. ಸೇತುವೆ ಬೇಡ, ಸ್ವರ್ಗ ಸಾಕು ಎನ್ನುವುದು ಕ್ರೈಸ್ತ ಮಾತಲ್ಲ. ಆದರೆ ಸೇತುವೆ ಕಟ್ಟಿದ ಮೇಲೆ ಅದರ ಮೇಲೆ ಯಾರು ಯಾರ ಬಳಿಗೆ ಹೋಗುತ್ತಾರೆ ಎಂಬುದು ಶ್ರೇಯಸ್ಸಿನ ಪ್ರಶ್ನೆ.

ಕೆಂಪು ಬಾಳೆಯ ಗೊನೆ

ಹಬ್ಬದ ಬಲಿಪೂಜೆಯ ಕಾಣಿಕೆಯ ಸಮಯದಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕು. ವಿವಾಹದ ಮಾತು ಮುರಿದುಬಿದ್ದ ಯುವಕನ ತಂದೆ ನಮ್ಮೊಡನೆ ಬಂದಿದ್ದರು. ಅವರು ತಮ್ಮ ತೋಟದ ಕೆಂಪು ಬಾಳೆಯ ಗೊನೆಯೊಂದನ್ನು ಗೋಣಿಯಲ್ಲಿ ಸುತ್ತಿ, ರಾತ್ರಿಯಿಡೀ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಬೇರೆ ಬಾಳೆಗಳಿಗಿಂತ ಅದು ಫಲಕ್ಕೆ ಬರಲು ಹೆಚ್ಚು ತಿಂಗಳುಗಳು ಬೇಕು. ಬೆಳೆಯುವವನಿಗೆ ತಾಳ್ಮೆ ಇರಬೇಕು. ಆ ಗೊನೆಯನ್ನು ಅವರು ಬಲಿಪೀಠದ ಮುಂದೆ ಇಟ್ಟು ಕೈಮುಗಿದಾಗ ಇಡೀ ದೇವಾಲಯ ಅವರತ್ತ ನೋಡಿತು. ಪೂಜೆಯ ಬಳಿಕ ಮೀನುಗಾರರ ಮನೆಯ ಅಜ್ಜಿಯೊಬ್ಬರು ಅವರ ಬಳಿ ಬಂದು, ಒಂದು ಹಣ್ಣನ್ನು ಕೈಯಲ್ಲಿ ಹಿಡಿದು, "ಇದು ಹಣ್ಣಾಗಲು ಎಷ್ಟು ದಿನ ಬೇಕು?" ಎಂದು ಕೇಳಿದರು. "ಒಂದೂವರೆ ವರ್ಷ ಬೇಕವ್ವ" ಎಂದರು ಇವರು. "ನಮ್ಮದು ಒಂದು ರಾತ್ರಿಯಲ್ಲಿ ಬರುತ್ತದೆ, ಒಂದು ಹಗಲಿನಲ್ಲಿ ಹಾಳಾಗುತ್ತದೆ" ಎಂದು ಅಜ್ಜಿ ನಕ್ಕರು. ಹೊರಡುವಾಗ ಅವರ ಗೋಣಿಚೀಲಕ್ಕೆ ಒಣಮೀನಿನ ಪೊಟ್ಟಣವನ್ನು ಹಾಕಿದರು. ಎಷ್ಟನೆಯ ತಲೆಮಾರು ಎಂದು ಅಜ್ಜಿ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಬಂದರಿನ ಹರಾಜನ್ನು ನೋಡಲು ಹೋದೆವು. ಹಿಡಿದವನು ಬೆಲೆ ಹೇಳುವುದಿಲ್ಲ, ಕೊಳ್ಳುವವನು ಹೇಳುತ್ತಾನೆ ಎಂಬುದನ್ನು ಕಂಡು ಆ ರೈತರು, "ನಮ್ಮ ಕಡಿ ಸಂತಿನೂ ಹಿಂಗೇರಿ ಫಾದರ್" ಎಂದರು. ಹಾಗೆ ಮಾತನಾಡುತ್ತಿದ್ದಾಗ ದೋಣಿಯೊಂದರಿಂದ ಮಂಜುಗಡ್ಡೆ ಇಳಿಸುತ್ತಿದ್ದ ಇಪ್ಪತ್ತರ ಯುವಕನೊಬ್ಬ ತಟ್ಟನೆ ತಿರುಗಿ, "ಯಾವೂರರಿ ನಿಮ್ದು?" ಎಂದನು. ಅವನ ಮಾತು ನಮ್ಮ ಕಡೆಯದು. ವಿಚಾರಿಸಿದಾಗ ಅವನು ನಮ್ಮ ಜಿಲ್ಲೆಯವನೇ. ಮಳೆ ಕೈಕೊಟ್ಟ ವರ್ಷ ಊರು ಬಿಟ್ಟು ಬಂದವನು, ನಾಲ್ಕು ವರ್ಷಗಳಿಂದ ದೋಣಿಯಲ್ಲಿ ದುಡಿಯುತ್ತಿದ್ದಾನೆ. ಈಜು ಬಾರದು. ಜ್ವರ ಬಂದರೆ ಯಾರ ಬಳಿ ಹೋಗಬೇಕೆಂದು ತಿಳಿಯದು. ಮನೆಗೆ ಹಣ ಕಳುಹಿಸುತ್ತಾನೆ; ಮನೆಯವರಿಗೆ ಅವನು 'ಉಡುಪಿ ಕಡಿ' ಇದ್ದಾನೆಂಬುದಷ್ಟೇ ಗೊತ್ತು. ಉತ್ತರ ಕರ್ನಾಟಕದ ಬರದ ಹಳ್ಳಿಗಳಿಂದ, ಒಡಿಶಾದಂತಹ ದೂರದ ರಾಜ್ಯಗಳಿಂದ ಬಂದು ಕರಾವಳಿಯ ದೋಣಿಗಳಲ್ಲಿ ದುಡಿಯುವ ಇಂತಹವರು ಬಹಳ ಮಂದಿ. ಅವನು ನಮ್ಮ ಧರ್ಮದವನಲ್ಲ. ಆದರೆ ಅವನ ಪಕ್ಕದ ಊರಿನಿಂದ ಬಂದ ನಮ್ಮ ಕ್ರೈಸ್ತ ಹುಡುಗರೂ ಆ ಕರಾವಳಿಯಲ್ಲಿ ಇದ್ದಾರೆ, ಅವರನ್ನು ಯಾವ ಧರ್ಮಕೇಂದ್ರವೂ ತನ್ನವರೆಂದು ಬರೆದುಕೊಂಡಿಲ್ಲ ಎಂಬುದು ಅವನ ಮಾತಿನಿಂದಲೇ ನಮಗೆ ತಿಳಿಯಿತು.

ಆ ಕ್ಷಣದಲ್ಲಿ ನಮಗೆ ನಾಚಿಕೆಯಾಯಿತು. ನಾವು ಅಲ್ಲಿಗೆ ಹಳೆಯ ಕಲ್ಲುಗಳನ್ನು ನೋಡಲು ಹೋಗಿದ್ದೆವು. ನಮ್ಮದೇ ಕುರಿಗಳು ಅಲ್ಲಿರುವುದನ್ನು ನೋಡಲು ಹೋಗಿರಲಿಲ್ಲ.

ಋಣದ ಲೆಕ್ಕ

ಕರಾವಳಿ ಮತ್ತು ಬಯಲುಸೀಮೆಗಳ ನಡುವೆ ಜನ ಎರಡೂ ದಿಕ್ಕಿಗೆ ನಡೆಯುತ್ತಾರೆ. ಕರಾವಳಿಯಿಂದ ನಮ್ಮ ನಾಡಿಗೆ ಗುರುಗಳು ಬಂದರು, ಶಾಲೆ ನಡೆಸುವ ಕನ್ಯಾಸ್ತ್ರೀಯರು ಬಂದರು, ದಾದಿಯರು, ಶಿಕ್ಷಕರು, ಹೋಟೆಲು ನಡೆಸುವವರು ಬಂದರು. 2005ರಲ್ಲಿ ಸ್ಥಾಪನೆಯಾದ ನಮ್ಮ ಗುಲ್ಬರ್ಗಾ ಧರ್ಮಪ್ರಾಂತದ ಮೊದಲ ಧರ್ಮಾಧ್ಯಕ್ಷರಾದ ಪರಮಪೂಜ್ಯ ರಾಬರ್ಟ್ ಮಿರಾಂದರೂ ಕರಾವಳಿಯಿಂದಲೇ ಬಂದವರು. ಅವರೆಲ್ಲರಿಗೆ ಈ ನೆಲ ಅನ್ನ ಕೊಟ್ಟಿತು, ಗೌರವ ಕೊಟ್ಟಿತು. ಇಲ್ಲಿಂದ ಅಲ್ಲಿಗೆ ಹೋಗುವವರು ತಮ್ಮ ಮೈಯ ದುಡಿಮೆಯನ್ನಷ್ಟೇ ಹೊತ್ತು ಹೋಗುತ್ತಾರೆ. ಹೀಗಿರುವಾಗ ನಾಲ್ಕುನೂರು ವರ್ಷದವರು ನಲವತ್ತು ವರ್ಷದವರನ್ನು ತಲೆಮಾರಿನ ಲೆಕ್ಕ ಕೇಳುವುದು ಯಾವ ನ್ಯಾಯ? ಸಂತ ಜೋಸೆಫ್ ವಾಜರು ಗಂಗೊಳ್ಳಿಗೆ ಬಂದಾಗ ಅಲ್ಲಿನ ಬಡವರನ್ನು ಇದೇ ಪ್ರಶ್ನೆ ಕೇಳಿದ್ದರೆ ಅಲ್ಲಿ ಇಂದು ದೇವಾಲಯವಿರುತ್ತಿತ್ತೆ?

ನಾವಿರುವುದು ಕಲ್ಯಾಣದ ನಾಡಿನಲ್ಲಿ. ಕಮಲಾಪುರದಿಂದ ಮುಂದೆ ಹೋದರೆ ಹುಮನಾಬಾದ್, ಅದರಾಚೆ ಬಸವಕಲ್ಯಾಣ. ಸ್ಥಾವರ, ಜಂಗಮ ಎಂಬ ಎರಡು ಮಾತುಗಳನ್ನು ಈ ನೆಲ ಎಂಟುನೂರು ವರ್ಷಗಳಿಗೂ ಹಿಂದೆಯೇ ಲೋಕಕ್ಕೆ ಕೊಟ್ಟಿದೆ. ಬಂದರು ಸ್ಥಾವರ, ದೋಣಿ ಜಂಗಮ. ದೋಣಿ ಇಲ್ಲದ ಬಂದರು ಬರಿಯ ಕಲ್ಲಿನ ಕಟ್ಟೆ. ಗಂಗೊಳ್ಳಿಯ ಪೋರ್ತುಗೀಜರ ಕೋಟೆಗೆ ಆದದ್ದೂ ಅದೇ. ಆದರೆ ಗುರುಗಳಿಲ್ಲದೆ ಮನೆಮನೆಯಲ್ಲಿ ಹೇಳಿಕೊಂಡು ಬಂದ ಜಪಮಾಲೆ ಉಳಿಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯನ್ನು ಯಾತ್ರಿಕ ಜನವೆಂದು ಕರೆದಾಗ ಹೇಳಿದ್ದೂ ಇದನ್ನೇ ಎಂದು ನಾವು ತಿಳಿಯುತ್ತೇವೆ.

ಆದ್ದರಿಂದ ನಮ್ಮ ಕುಟುಂಬಗಳಲ್ಲಿ ಮೂರು ವಿನಂತಿಗಳು. ಮೊದಲನೆಯದಾಗಿ, ದುಡಿಯಲು ಕರಾವಳಿಗೆ ಅಥವಾ ಬೇರೆಡೆಗೆ ಹೊರಡುವ ಪ್ರತಿಯೊಬ್ಬರ ಹೆಸರು, ಹೋಗುವ ಊರು, ಮನೆಯವರ ದೂರವಾಣಿ ಸಂಖ್ಯೆಗಳನ್ನು ಹೊರಡುವ ಮುನ್ನ ಧರ್ಮಕೇಂದ್ರದಲ್ಲಿ ಬರೆಸಿರಿ. ಆ ಊರಿನ ಗುರುಗಳಿಗೆ ನಾವು ಪತ್ರ ಬರೆಯುತ್ತೇವೆ. ಅನ್ಯಧರ್ಮೀಯ ನೆರೆಯವರ ಮಕ್ಕಳ ಹೆಸರನ್ನೂ ಬರೆಸಬಹುದು, ಜ್ವರಕ್ಕೆ ಧರ್ಮವಿಲ್ಲ. ಎರಡನೆಯದಾಗಿ, ಕರಾವಳಿ ಮೂಲದ ಕುಟುಂಬಗಳು ರಜೆಯಲ್ಲಿ ಊರಿಗೆ ಹೋಗುವಾಗ ಇಲ್ಲಿನ ಹಳ್ಳಿಯ ಒಂದು ಮಗುವನ್ನಾದರೂ ಜೊತೆಗೆ ಕರೆದುಕೊಂಡು ಹೋಗಲಿ. ಬಂದರಿನಲ್ಲಿ ದುಡಿಯುವ ನಮ್ಮ ಹುಡುಗರನ್ನು ಕಂಡು ಮಾತನಾಡಿಸಿ ಬರಲಿ. ಮೂರನೆಯದಾಗಿ, ವಿವಾಹದ ಮಾತುಕತೆಯಲ್ಲಿ ವಿಶ್ವಾಸವಿದೆಯೇ ಎಂದು ಕೇಳಿರಿ, ಕೇಳಲೇಬೇಕು. ಎಷ್ಟನೆಯ ತಲೆಮಾರಿನದು ಎಂದು ಕೇಳಬೇಡಿರಿ. ಗಲಿಲೇಯ ಸಮುದ್ರದ ದಡದಲ್ಲಿ ಬಲೆ ಬಿಟ್ಟು ಪ್ರಭುವಿನ ಹಿಂದೆ ಹೋದ ಬೆಸ್ತರೆಲ್ಲರೂ ಮೊದಲನೆಯ ತಲೆಮಾರಿನವರೇ.

ಮುರಿದ ಆ ಮಾತು ಮತ್ತೆ ಕೂಡಿತೇ ಎಂದು ಓದುಗರು ಕೇಳಬಹುದು. ಕೂಡಲಿಲ್ಲ. ಕನ್ಯೆಗೆ ಬೇರೆಡೆ ನಿಶ್ಚಯವಾಗಿದೆ, ಅವಳಿಗೆ ಒಳಿತಾಗಲಿ. ಆದರೆ ಗಂಗೊಳ್ಳಿಗೆ ನಮ್ಮೊಡನೆ ಬಂದಿದ್ದ ಆ ಹಿರಿಯರು ಹಿಂದಿರುಗಿದ ಮೇಲೆ ಒಂದು ಭಾನುವಾರ ತಾವಾಗಿಯೇ ಕಮಲಾಪುರದ ಬಸ್ಸು ಹತ್ತಿ ಆ ರೈತರ ಮನೆಗೆ ಹೋಗಿ, ಊಟ ಮಾಡಿ ಬಂದರು. ಏನು ಮಾತನಾಡಿದರೆಂದು ನಾವು ಕೇಳಲಿಲ್ಲ.

ಮೊನ್ನೆ ಆ ಹಳ್ಳಿಯಲ್ಲಿ ಬಲಿಪೂಜೆ ಮುಗಿಸಿ ಹೊರಬಂದಾಗ ಆ ಬಾಲಕಿ ಹೊಸ ಪ್ರಶ್ನೆಯೊಂದನ್ನು ಇಟ್ಟುಕೊಂಡು ಕಾದಿದ್ದಳು. "ಫಾದರ್, ಇನ್ನ ನಾಕ್ನೂರು ವರ್ಷ ಆದ ಮ್ಯಾಲ ನಮ್ಮೂರ ಚರ್ಚು ಯಾರು ಶುರು ಮಾಡಿದ್ದು ಅಂತ ಕೇಳಿದ್ರ, ನಮ್ಮ ಮುತ್ಯಾನ ಹೆಸರು ಹೇಳ್ತಾರೇನ್ರಿ?" ನಾವು ಈ ಸಾರಿ ತಡವರಿಸಲಿಲ್ಲ. ಹೌದು ಮಗಳೆ, ಹೇಳುತ್ತಾರೆ; ನಿನ್ನ ಹೆಸರನ್ನೂ ಹೇಳುತ್ತಾರೆ ಎಂದೆವು.